ಅಪ್‌ಡೇಟ್: ಸಮುದಾಯ ಮಧ್ಯಸ್ಥಿಕೆ ತರಬೇತಿ, ಅಣಕು ಕಲಾಪ ಕೊನೆಗೂ ದಾರಿಗೆ ಬಂತು

ಹೋದ ವಾರ ಕೇಳಿದ್ದೆನಲ್ಲ, ಊರಿನವರ ಜಗಳವನ್ನು ಮಾತುಕತೆಯಿಂದ ಬಗೆಹರಿಸಲು ಕಲಿಸುವ 40 ಗಂಟೆಯ ತರಬೇತಿಯಲ್ಲಿ, ನಾವು ಮಧ್ಯಸ್ಥರಾಗಿ ಅಭ್ಯಾಸಕ್ಕೆ ನಡೆಸುವ ಅಣಕು ಕಲಾಪದಲ್ಲಿ ಬೋರ್‌ವೆಲ್ ನೀರಿನ ಜಗಳ ಹತ್ತೇ ನಿಮಿಷಕ್ಕೆ ಕೂಗಾಟವಾಗಿ ಮಾತು ಮುರಿಯುತ್ತಿದೆ ಅಂತ. ಈಗ ಸರಿಹೋಗಿದೆ.

ಫಲ ಕೊಟ್ಟಿದ್ದು, ಒಬ್ಬರು ಹೇಳಿದ್ದನ್ನು ಬೈಗುಳ ತೆಗೆದು ನಮ್ಮ ಮಾತಲ್ಲಿ ಮತ್ತೆ ಹೇಳಿ, "ಸರಿಯಾಗಿ ಅರ್ಥವಾಯ್ತಾ?" ಎಂದು ಕೇಳುವ ಸಲಹೆ. "ನೀರು ಕದೀತಾನೆ" ಅನ್ನೋದು "ಬೆಳಗ್ಗೆ ನಿಮಗೆ ನೀರು ಸಾಲುತ್ತಿಲ್ಲ" ಆದರೆ ಎದುರಿನವರೂ ಕಿವಿಗೊಡುತ್ತಾರೆ. ಆಮೇಲೆ ಇಬ್ಬರೊಂದಿಗೂ ಸಮಾನ ಹೊತ್ತು ಪ್ರತ್ಯೇಕ ಮಾತುಕತೆ, ಏಳುವ ಮುಂಚೆ "ಇದರಲ್ಲಿ ಯಾವುದನ್ನು ಅವರಿಗೆ ಹೇಳಬಹುದು?" ಎಂಬ ಪ್ರಶ್ನೆ ತಪ್ಪಿಸಬಾರದು.

"ಪರಿಹಾರ ನೀವೇ ಸೂಚಿಸಿ" ಎಂಬ ಸಲಹೆ ನಡೆಯಲಿಲ್ಲ. ಸೂಚನೆ ಹಿಡಿಸದವರಿಗೆ ಆ ಕ್ಷಣವೇ ನಾವು ಎದುರು ಪಕ್ಷದವರಾಗಿಬಿಡುತ್ತೇವೆ. ಶುರುವಿನಲ್ಲೇ ಪ್ರತ್ಯೇಕವಾಗಿ ಕೂರಿಸುವುದೂ ಅಷ್ಟೇ, ಅನುಮಾನ ಹುಟ್ಟುತ್ತದೆ.

ನಿಜಕ್ಕೂ ಅಚ್ಚರಿಯಾಗಿದ್ದು 2023ರ ಮಧ್ಯಸ್ಥಿಕೆ ಕಾಯ್ದೆ ಓದಿದಾಗ. ಸಮುದಾಯ ಮಧ್ಯಸ್ಥಿಕೆಗೆ ಅದು ಹೇಳುವುದು ಮೂವರ ತಂಡ, ಅದೂ ಎರಡೂ ಕಡೆಯವರ ಪೂರ್ವ ಒಪ್ಪಿಗೆಯ ಮೇಲೆ. ಅಲ್ಲಿ ಆದ ಒಪ್ಪಂದವನ್ನು ಸಿವಿಲ್ ಕೋರ್ಟ್ ಡಿಕ್ರಿಯಂತೆ, ಅಂದರೆ ತೀರ್ಪಿನಂತೆ, ಜಾರಿ ಮಾಡಿಸಲು ಬರುವುದಿಲ್ಲ. ಹಾಗಾಗಿ "ನೀರು ಹಂಚಿಕೊಳ್ಳುತ್ತೇವೆ" ಅಂತ ಬರೆದರೆ ಸಾಲದು. ಯಾರು, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಮೋಟಾರು ಕೆಟ್ಟರೆ ಯಾರ ಖರ್ಚು, ಎಲ್ಲವನ್ನೂ ಅವರದೇ ಮಾತಿನಲ್ಲಿ ಬರೆಸಿ, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ.