ಸ್ವಯಂ ನಿಯಂತ್ರಣದ ಡೇಟಾ: ಒಂದು ಗುಂಪಿನಲ್ಲಿ ಪಿ 0.03, ಇನ್ನೊಂದರಲ್ಲಿ 0.13. ಏನಂತ ಬರೆಯಲಿ?

ಪ್ರಶ್ನೆ: ನಮಸ್ಕಾರ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಚೀಟಿ ಎತ್ತಿ 60 ಜನರನ್ನು ಎರಡು ಗುಂಪು ಮಾಡಿದೆ. 30 ಜನ ನಾಲ್ಕು ವಾರ ಸ್ವಯಂ ನಿಯಂತ್ರಣದ ಅಭ್ಯಾಸ ಮಾಡಿದರು, ಉಳಿದ 30 ಜನ ಏನೂ ಮಾಡಲಿಲ್ಲ. ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಎಲ್ಲರಿಗೂ ಸ್ವಯಂ ನಿಯಂತ್ರಣ ಅಳೆಯುವ 13 ಪ್ರಶ್ನೆಗಳ ಬ್ರೀಫ್ ಸೆಲ್ಫ್ ಕಂಟ್ರೋಲ್ ಸ್ಕೇಲ್ ಕೊಟ್ಟೆ. ಅಭ್ಯಾಸದ ಗುಂಪು ಸರಾಸರಿ 3.0 ಅಂಕ ಏರಿತು. ಅದೇ ಜನರ ಮೊದಲ ಮತ್ತು ಕೊನೆಯ ಅಂಕ ಹೋಲಿಸುವ ಪೇರ್ಡ್ ಟಿ-ಟೆಸ್ಟ್‌ನಲ್ಲಿ ಪಿ (ನಿಜವಾಗಿ ಬದಲಾವಣೆ ಇಲ್ಲದಿದ್ದರೂ ಇಷ್ಟು ದೊಡ್ಡ ಬದಲಾವಣೆ ಕಾಣುವ ಸಾಧ್ಯತೆ) 0.03. ಇನ್ನೊಂದು ಗುಂಪು 2.1 ಏರಿತು, ಪಿ 0.13. ಏರಿಕೆಯ ಸ್ಟ್ಯಾಂಡರ್ಡ್ ಡೀವಿಯೇಷನ್ (ಜನರಿಂದ ಜನರಿಗೆ ಎಷ್ಟು ಹರಡಿದೆ ಅನ್ನುವ ಅಳತೆ) ಎರಡರಲ್ಲೂ 7.4. ಪಿ 0.05ರ ಕೆಳಗಿರುವುದರಿಂದ ಒಂದು ಸಿಗ್ನಿಫಿಕೆಂಟ್, ಇನ್ನೊಂದು ಅಲ್ಲ. ಅಭ್ಯಾಸದಿಂದ ಲಾಭವಾಯಿತು ಅಂತ ಬರೆಯಬಹುದಾ?

ಉತ್ತರ: ಬರೆಯಬೇಡಿ. ಇದು ತುಂಬಾ ಜನ ಎಡವುವ ಜಾಗ, ಅಚ್ಚಾದ ಪೇಪರ್‌ಗಳಲ್ಲೂ ಕಾಣುತ್ತದೆ. ನಿಮ್ಮ ನಿಜವಾದ ಪ್ರಶ್ನೆ ‘ಈ ಗುಂಪು ಏರಿತಾ?’ ಅಲ್ಲ, ‘ಆ ಗುಂಪಿಗಿಂತ ಈ ಗುಂಪು ಜಾಸ್ತಿ ಏರಿತಾ?’ ನೀವು ಮಾಡಿದ ಎರಡು ಟೆಸ್ಟ್‌ಗಳೂ ಆ ಪ್ರಶ್ನೆಯನ್ನು ಮುಟ್ಟಿಯೇ ಇಲ್ಲ.

ನಿಮ್ಮದೇ ಅಂಕಿಗಳನ್ನು ತಗೊಂಡು ನೋಡೋಣ. 3.0ರಲ್ಲಿ 2.1 ಕಳೆದರೆ 0.9. ಅದು ಎಷ್ಟು ಅನಿಶ್ಚಿತ ಅನ್ನುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಎರರ್, ಬೇಕಾದರೆ 2/30ರ ವರ್ಗಮೂಲವನ್ನು 7.4ರಿಂದ ಗುಣಿಸಿ. ಸುಮಾರು 1.9 ಬರುತ್ತದೆ. 0.9ನ್ನು 1.9ರಿಂದ ಭಾಗಿಸಿದರೆ ಟಿ 0.47, ಪಿ ಸುಮಾರು 0.64. ಶೇ. 95ರ ಕಾನ್ಫಿಡೆನ್ಸ್ ಇಂಟರ್‌ವಲ್ ಮೈನಸ್ 2.9ರಿಂದ 4.7ರವರೆಗೆ ಹರಡಿಕೊಂಡಿದೆ. ಅಂದರೆ ಐದು ಅಂಕದ ಹತ್ತಿರ ಲಾಭ ಆಗಿರಬಹುದು, ಮೂರರ ಹತ್ತಿರ ನಷ್ಟವೂ ಆಗಿರಬಹುದು. 0.03 ಮತ್ತು 0.13 ದೂರ ದೂರ ಕಂಡವು. ಆದರೆ ಅವುಗಳ ಹಿಂದಿದ್ದ 3.0 ಮತ್ತು 2.1 ಪಕ್ಕಪಕ್ಕದಲ್ಲೇ ಇವೆ, ಅಲ್ವಾ?

ಏನೂ ಮಾಡದವರೂ ಏರಿದ್ದಾರೆ, ಅದನ್ನೂ ನೋಡಿ. ಆ ಗುಂಪು ಇಟ್ಟುಕೊಂಡಿದ್ದೇ ಇದನ್ನು ಹಿಡಿಯೋದಕ್ಕೆ.

ನಾನಾಗಿದ್ದರೆ ಆಂಕೋವಾ ಮಾಡುತ್ತಿದ್ದೆ. ಕೊನೆಯ ಅಂಕ ಫಲಿತಾಂಶ, ಗುಂಪು ಮುಖ್ಯ ಅಂಶ, ಮೊದಲ ಅಂಕ ಕೋವೇರಿಯೇಟ್, ಅಂದರೆ ಶುರುವಿನ ಅಂತರವನ್ನು ಲೆಕ್ಕಕ್ಕೆ ತಗೊಳ್ಳುವ ಅಂಶ. ಚೀಟಿ ಎತ್ತಿ ಗುಂಪು ಮಾಡಿರುವುದರಿಂದ ಇದು ಸರಿಹೊಂದುತ್ತದೆ. ಬರೀ ವ್ಯತ್ಯಾಸದ ಅಂಕಗಳನ್ನು ಹೋಲಿಸುವುದಕ್ಕಿಂತ ಸಾಮಾನ್ಯವಾಗಿ ನಿಖರವೂ ಹೌದು. ಜಮೋವಿ ಅಥವಾ ಜಾಸ್ಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಉಚಿತವಾಗಿ ಮಾಡಬಹುದು.

ಅದಕ್ಕೂ ಮುಂಚೆ ಒಂದು ವಿಷಯ. ಈ ಮಾಪಕದ 13ರಲ್ಲಿ 9 ಪ್ರಶ್ನೆಗಳು ಉಲ್ಟಾ. ಕೆಟ್ಟ ಅಭ್ಯಾಸ ಬಿಡೋದು ನನಗೆ ಕಷ್ಟ ಅನ್ನುವ ತರಹದವು. 1ರಿಂದ 5ರವರೆಗಿನ ಅಂಕದಲ್ಲಿ ಅದಕ್ಕೆ 5 ಹಾಕಿದವರ ನಿಯಂತ್ರಣ ಕಡಿಮೆ. ಹಾಗಾಗಿ 6ರಲ್ಲಿ ಕಳೆದು 1 ಮಾಡಿಕೊಳ್ಳಬೇಕು. ಮಾಡಿದ್ದೀರಾ?

ಪ್ರಶ್ನೆ ಕೇಳಿದವರು: ಮಾಡಿದ್ದೇನೆ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಕ್ರಾನ್‌ಬ್ಯಾಕ್ ಆಲ್ಫಾ 0.81 ಬಂತು. ಆಂಕೋವಾದಲ್ಲಿ ಪಿ 0.58. ತುಂಬಾ ಬೇಜಾರಾಯಿತು. ಮೊದಲ ಅಂಕಗಳಿಗೆ ಶಾಪಿರೋ-ವಿಲ್ಕ್ ಟೆಸ್ಟ್ ಮಾಡಿದರೆ ನಾರ್ಮಲ್ (ಗಂಟೆಯಾಕಾರದ ಹಂಚಿಕೆ) ಅಲ್ಲ ಅಂತ ಬಂತು. ನಾರ್ಮಲ್ ಆಗಿರಬೇಕು ಅನ್ನದ ಮ್ಯಾನ್-ವಿಟ್ನಿ ಟೆಸ್ಟ್ ಮಾಡಿದರೆ ಏನಾದರೂ ಸಿಗಬಹುದು ಅಂತ ಸ್ನೇಹಿತರು ಹೇಳುತ್ತಿದ್ದಾರೆ.

ಉತ್ತರ: ಬೇಜಾರು ಅರ್ಥವಾಗುತ್ತದೆ. ನಾಲ್ಕು ವಾರದ ದುಡಿಮೆ ಸುಮ್ನೆ ಅಲ್ಲ. ಆದರೆ ‘ಏನಾದರೂ ಸಿಗಬಹುದು’ ಅಂತ ಟೆಸ್ಟ್ ಬದಲಾಯಿಸಬೇಡಿ. ನಿಜವಾಗಿ ಏನೂ ಪರಿಣಾಮ ಇಲ್ಲದಾಗಲೂ, ಒಂದಕ್ಕೊಂದು ಸಂಬಂಧವಿಲ್ಲದ 14 ಟೆಸ್ಟ್ ಮಾಡಿದರೆ ಒಂದಾದರೂ 0.05ರ ಕೆಳಗೆ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ.

ಶಾಪಿರೋ-ವಿಲ್ಕ್ ವಿಚಾರ: ನಾರ್ಮಲ್ ಆಗಿರಬೇಕಾದ್ದು ಮೊದಲ ಅಂಕಗಳಲ್ಲ, ಮಾಡೆಲ್‌ನ ರೆಸಿಡ್ಯುಯಲ್‌ಗಳು, ಅಂದರೆ ಮಾಡೆಲ್‌ನ ಅಂದಾಜಿಗೂ ನಿಜವಾದ ಅಂಕಕ್ಕೂ ಇರುವ ಅಂತರಗಳು. ಅವುಗಳನ್ನು ನಾರ್ಮಲ್ ಹಂಚಿಕೆಗೆ ಹೋಲಿಸುವ ಕ್ಯೂ-ಕ್ಯೂ ಪ್ಲಾಟ್ ತೆಗೆದು ನೋಡಿ. ಚುಕ್ಕಿಗಳು ಗೆರೆಯ ಹತ್ತಿರವೇ ಇದ್ದರೆ ಸಾಕು.

ನಿಮ್ಮ ಫಲಿತಾಂಶ ಸೋಲಲ್ಲ, ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ. 1998ರಲ್ಲಿ ಮನಶ್ಶಾಸ್ತ್ರಜ್ಞ ಬಾಮೈಸ್ಟರ್ ಮತ್ತು ಜೊತೆಗಾರರು, ಸ್ವಯಂ ನಿಯಂತ್ರಣ ಬಳಸಿದಷ್ಟೂ ಖಾಲಿಯಾಗುತ್ತದೆ ಅಂತ ತೋರಿಸಿದರು. ನೂರಾರು ಪ್ರಯೋಗಗಳು ಅದರ ಹಿಂದೆ ಬಂದವು. 2016ರಲ್ಲಿ 23 ಲ್ಯಾಬ್‌ಗಳು 2000ಕ್ಕೂ ಜಾಸ್ತಿ ಜನರ ಮೇಲೆ ಒಂದೇ ವಿಧಾನದಲ್ಲಿ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಇತ್ತು. ‘ಏನೂ ಸಿಗಲಿಲ್ಲ’ ಅಂದ ಪ್ರಯೋಗಗಳು ಕಪಾಟಿನಲ್ಲೇ ಉಳಿದರೆ ಒಂದು ಕ್ಷೇತ್ರ ಹೀಗೆ ದಾರಿ ತಪ್ಪಬಹುದು.

ಆದರೆ ‘ಪರಿಣಾಮ ಇಲ್ಲ’ ಅಂತಲೂ ಬರೆಯಬೇಡಿ. ಮಧ್ಯಮ ಗಾತ್ರದ ಪರಿಣಾಮವನ್ನು, ಅಂದರೆ ಕೋಹೆನ್ ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್‌ನಲ್ಲಿ ಅಳೆದ ವ್ಯತ್ಯಾಸ) 0.5 ಇರುವುದನ್ನು, ಸಾಮಾನ್ಯ ಟಿ-ಟೆಸ್ಟ್‌ನಲ್ಲಿ ಶೇ. 80 ಪವರ್‌ನಿಂದ, ಅಂದರೆ ಹತ್ತರಲ್ಲಿ ಎಂಟು ಸಲ, ಹಿಡಿಯಲು ಗುಂಪಿಗೆ 64 ಜನ ಬೇಕು. ನಿಮ್ಮಲ್ಲಿ 30. ವ್ಯತ್ಯಾಸ, ಅದರ ಇಂಟರ್‌ವಲ್ ಎರಡನ್ನೂ ಕೊಟ್ಟು, ಈ ಡೇಟಾದಿಂದ ತೀರ್ಮಾನ ಆಗುವುದಿಲ್ಲ ಅಂತ ಬರೆಯಿರಿ.

ಇನ್ನೊಬ್ಬ ಸದಸ್ಯರು: ನನ್ನದು ಬೇರೆ. ಇದೇ ಮಾಪಕದ ಅಂಕಕ್ಕೂ ಸ್ಟ್ರೂಪ್ ಟಾಸ್ಕ್‌ಗೂ (ಬಣ್ಣದ ಹೆಸರಿನ ಪದವನ್ನು ಓದದೆ, ಅದನ್ನು ಬರೆದ ಬಣ್ಣವನ್ನು ಹೇಳುವ ಪರೀಕ್ಷೆ) ಕೋರಿಲೇಷನ್, ಅಂದರೆ ಎಷ್ಟು ಸಂಬಂಧ ಇದೆ ಅಂತ, ನೋಡಿದೆ. 90 ಜನರಲ್ಲಿ ಬರೀ 0.08. ಅಂಕಗಳ ಬದಲು ಕ್ರಮಾಂಕ ಬಳಸುವ ಸ್ಪಿಯರ್‌ಮನ್ ಕೋರಿಲೇಷನ್ ಮಾಡಿದರೂ ಅಷ್ಟೇ. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ಎಲ್ಲೂ ತಪ್ಪಿಲ್ಲ. ಜನ ತಮ್ಮ ಬಗ್ಗೆ ಹೇಳಿಕೊಳ್ಳುವುದಕ್ಕೂ ಟಾಸ್ಕ್‌ನಲ್ಲಿ ಮಾಡುವುದಕ್ಕೂ ಸಂಬಂಧ ಕಡಿಮೆ ಅನ್ನುವುದು ಮತ್ತೆ ಮತ್ತೆ ಕಂಡಿದೆ. ಸ್ಟ್ರೂಪ್‌ನಲ್ಲಿ ಬಣ್ಣ ಮತ್ತು ಪದ ಹೊಂದದಾಗ ಬಹುತೇಕ ಎಲ್ಲರೂ ನಿಧಾನವಾಗುತ್ತಾರೆ. ಎಲ್ಲರೂ ಹೆಚ್ಚುಕಡಿಮೆ ಅಷ್ಟೇ ನಿಧಾನವಾದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಲು ಏನು ಉಳಿಯುತ್ತದೆ? ಮೇಲಾಗಿ ಹೊಂದದಾಗಿನ ಸಮಯದಲ್ಲಿ ಹೊಂದಿದಾಗಿನ ಸಮಯ ಕಳೆದು ಸ್ಟ್ರೂಪ್ ಅಂಕ ತೆಗೆದಾಗ ಎರಡರ ಅಳತೆಯ ದೋಷವೂ ಸೇರಿಕೊಳ್ಳುತ್ತದೆ. ಸರಿ-ಬೆಸ ಟ್ರಯಲ್‌ಗಳನ್ನು ಬೇರೆ ಮಾಡಿ, ಪ್ರತಿಯೊಬ್ಬರಿಗೂ ಎರಡು ಸ್ಟ್ರೂಪ್ ಅಂಕ ತೆಗೆದು, ಅವೆರಡರ ಕೋರಿಲೇಷನ್ ಎಷ್ಟಿದೆ ಅಂತ ಇಲ್ಲಿ ಹಾಕಿ. ಅದೇ ಕಡಿಮೆ ಇದ್ದರೆ ಮಾಪಕದ ಜೊತೆ ಹೆಚ್ಚು ಬರಲು ದಾರಿಯೇ ಇಲ್ಲ.