‘ಮನಿ ಮಂದಿ’ ಗುಂಪಿನಲ್ಲಿ ಚಿಗರಿ ಬಸ್ಸಿನ ಜಗಳ

ದೊಡ್ಡ ಕಾಕಾ: (ಪತ್ರಿಕೆ ತುಣುಕು: ಹುಬ್ಬಳ್ಳಿ–ಧಾರವಾಡದ ರಸ್ತೆ, ಸಾರಿಗೆಗೆ ರಾಜ್ಯದ ಹಣ ಬೇಕು) ಎಲ್ಲರೂ ಓದಿ, ಮುಂದೆ ಕಳಿಸಿ. ಬೆಂಗಳೂರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಯೋಜನೆ. 17 ಕಿ.ಮೀ.ಗೆ 17 ಸಾವಿರ ಕೋಟಿ! ನಮಗೆ ಖಾಲಿ ಚೊಂಬು.

ಬೆಂಗಳೂರು ಅಣ್ಣ: ಕಾಕಾ, ಆ ಸುರಂಗಕ್ಕೆ ಇಲ್ಲೂ ಜನ ಬೈಯುತ್ತಿದ್ದಾರೆ. ಅದರೊಳಗೆ ಟೋಲ್ ಕಟ್ಟಿಯೇ ಹೋಗಬೇಕು.

ನಾನು: ಕೇಳಬೇಕು ಕಾಕಾ, ಬೇಡ ಅನ್ನಲ್ಲ. ಯಾತಕ್ಕೆ ಕೇಳುತ್ತೇವೆ ಅನ್ನೋದೇ ನನ್ನ ತಕರಾರು. ನಮ್ಮ ಬಿಆರ್‌ಟಿಎಸ್‌ಗೆ, ಅಂದರೆ ನಡು ರಸ್ತೆಯಲ್ಲಿ ಬಸ್ಸಿಗೇ ಬೇರೆ ಲೇನ್ ಇರೋ ಯೋಜನೆಗೆ, ವಿಶ್ವಬ್ಯಾಂಕ್ ಸಾಲ ಬಂತು. ಸುಮಾರು 22 ಕಿ.ಮೀ. ದಾರಿ ಆಯಿತು, 2018ರಲ್ಲಿ ಅದರ ಮೇಲೆ ಚಿಗರಿ ಬಸ್ಸು ಓಡಿತು. ಕಟ್ಟಲು ದುಡ್ಡು ಹೊಂದಿತು. ಆಮೇಲೆ? ಜೋರು ಮಳೆ ಬಂದರೆ ಧಾರವಾಡದ ಟೋಲ್‌ನಾಕಾದಲ್ಲಿ ರಸ್ತೆಯೇ ಕಾಣುವುದಿಲ್ಲ.

ಧಾರವಾಡ ವೈನಿ: ಸ್ಕೂಟಿ ಸೈಲೆನ್ಸರ್ ಮುಳುಗುತ್ತದೆ. ನನ್ನ ವೋಟು ಮೈದುನಗೆ 😀

ಸಣ್ಣ ಕಾಕಾ: ಚಿಗರಿ ಮಾಡಿದ್ದೇ ತಪ್ಪು. ನಡುವಿನ ಲೇನ್ ಖಾಲಿ ಇರುತ್ತದೆ, ಪಕ್ಕದಲ್ಲಿ ನಾವು ಗಾಡಿಗೆ ಗಾಡಿ ಹಚ್ಚಿ ನಿಂತಿರುತ್ತೇವೆ. ಎಲ್ಲರಿಗೂ ಬಿಟ್ಟುಬಿಡಿ.

ನಾನು: ಅದು ಖಾಲಿ ಇರೋದಕ್ಕೇ ಬಸ್ಸು ಓಡುತ್ತದೆ, ಅಲ್ವಾ? ಬಿಟ್ಟರೆ ನಿಮ್ಮ ಜೊತೆ ಅದೂ ನಿಲ್ಲುತ್ತದೆ. ಚೆನ್ನಮ್ಮ ಸರ್ಕಲ್ ಫ್ಲೈಓವರ್ ಕೆಲಸದ ಸಿಟ್ಟನ್ನು ಚಿಗರಿ ಮೇಲೆ ತೀರಿಸಬೇಡಿ.

ಸಣ್ಣ ಕಾಕಾ: ಆ ಫ್ಲೈಓವರ್ ಹೆಸರು ಎತ್ತಬೇಡ.

ದೊಡ್ಡ ಕಾಕಾ: ಹಾಗಂತ ದೊಡ್ಡದು ಕೇಳಲೇಬಾರದಾ? ಹುಬ್ಬಳ್ಳಿ–ಧಾರವಾಡ ಬೈಪಾಸ್ ಎರಡೇ ಲೇನ್ ಇದ್ದಾಗ ಎಷ್ಟು ಜೀವ ಹೋದವು. 2021ರ ಸಂಕ್ರಾಂತಿ ಮರುದಿನ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು, ಶಾಲೆಯ ಗೆಳತಿಯರು, ಗೋವಾಕ್ಕೆ ಹೊರಟವರು. ಊರೆಲ್ಲ ಗಲಾಟೆ ಮಾಡಿದ ಮೇಲೇ ಆರು ಲೇನ್ ಕೆಲಸ ಶುರುವಾಯಿತು. ಸುಮ್ನೆ ಕೂತಿದ್ದರೆ ಆಗುತ್ತಿತ್ತಾ?

ನಾನು: ಅದಕ್ಕೆ ಎದುರು ಮಾತಿಲ್ಲ ಕಾಕಾ. ಆದರೆ ಬೈಪಾಸ್ ಹೆದ್ದಾರಿ ಪ್ರಾಧಿಕಾರದ್ದು, ದಿಲ್ಲಿಯ ಲೆಕ್ಕ. ಬೆಂಗಳೂರಿಗೆ ಹೋಗಿ ಕೇಳೋದು ಬೇರೆಯೇ ಇದೆ. ಈಗ ಇಆರ್‌ಟಿ ಮಾತು ನಡೆದಿದೆ, ಟ್ರಾಮ್ ಥರ ಉದ್ದನೆ ಎಲೆಕ್ಟ್ರಿಕ್ ಗಾಡಿ. ಬರಲಿ. ಟೋಲ್‌ನಾಕಾ ನೀರಿಗೆ ಅದೂ ಇಳಿಯಬೇಕು ತಾನೆ? ಮೊದಲು ಗಟಾರ. ಹಳೇ ಚಿಗರಿ ಬದಲಿಗೆ ಹೊಸ ಬಸ್ಸು. ಕೇಶ್ವಾಪುರ, ಗೋಕುಲ ರೋಡ್ ಕಡೆಯಿಂದ ಚಿಗರಿ ಸ್ಟೇಷನ್‌ಗೆ ಸಣ್ಣ ಬಸ್ಸು ಜಾಸ್ತಿ. ಸ್ಟೇಷನ್ ನಡು ರಸ್ತೆಯಲ್ಲಿದೆ, ವಯಸ್ಸಾದವರು ಅಂಜದೆ ದಾಟುವಂತಿರಬೇಕು.

ದೊಡ್ಡ ಕಾಕಾ: ಗಟಾರಕ್ಕೆ ಯಾವ ಮಂತ್ರಿ ಬಂದು ರಿಬ್ಬನ್ ಕತ್ತರಿಸುತ್ತಾನೆ ತಮ್ಮಾ?

ಧಾರವಾಡ ವೈನಿ: ಮಾವ, ರಿಬ್ಬನ್, ಕತ್ತರಿ ಎರಡೂ ನಾನು ತರುತ್ತೇನೆ. ಗಟಾರ ಮಾಡಿಸಿ.

ಸಣ್ಣ ಕಾಕಾ: ಲೇನ್ ಬಿಡಬೇಕು ಅಂತಲೂ ಬರೆಯಿರಿ.

ದೊಡ್ಡ ಕಾಕಾ: ಸರಿ ತಮ್ಮಾ, ನೀನೇ ಒಂದು ಅರ್ಜಿ ಬರೆದು ಹಾಕು. ಶಾಸಕರ ಆಫೀಸಿಗೆ ನಾನು ಕೊಟ್ಟು ಬರುತ್ತೇನೆ. ಲೇನಿನ ವಿಷಯ ಸೇರಿಸಬೇಡ, ಅವನು ಏನಾದರೂ ಅಂದುಕೊಳ್ಳಲಿ.

ಸಣ್ಣ ಕಾಕಾ: ಅಣ್ಣಾ, ನಾನು ಇದೇ ಗುಂಪಿನಲ್ಲಿದ್ದೇನೆ.