ಫಾರ್ಮಸಿಸ್ಟ್ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟಿದ್ದೆ, ಈಗ ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ

ಮೂಡಿಗೆರೆ ಸೊಸೆ:
ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸಿ ಹಾಸನದಲ್ಲಿ ಎರಡು ವರ್ಷ ಕೌಂಟರಿನಲ್ಲಿ ನಿಂತಿದ್ದೆ. ಮದುವೆಯಾಗಿ ಮೂಡಿಗೆರೆ ಕಡೆ ಬಂದೆ. ಆಗ ಅಪ್ಪನ ಪರಿಚಯದವರೊಬ್ಬರು ಹಾಸನದಲ್ಲಿ ಮೆಡಿಕಲ್ ಸ್ಟೋರ್ ತೆಗೆಯುತ್ತಿದ್ದರು. 'ಸರ್ಟಿಫಿಕೇಟ್ ಸುಮ್ನೆ ಬೀರುವಿನಲ್ಲಿ ಕೂತಿದೆ, ನಮ್ಮ ಗೋಡೆಗೆ ಹಾಕೋಣಮ್ಮ' ಅಂದರು. ಅಂಗಡಿಯ ಲೈಸೆನ್ಸಿಗೆ ನನ್ನ ಹೆಸರು, ನನಗೆ ತಿಂಗಳಿಗೆ ನಾಲ್ಕು ಸಾವಿರ. ತಪ್ಪು ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಲ್ಲರೂ ಕೊಡುತ್ತಾರೆ, ಕೊಟ್ಟೆ.

ಹೋದ ವಾರ ಮಗಳಿಗೆ ಜ್ವರದ ಸಿರಪ್ ಬೇಕಿತ್ತು, ಅದೇ ಅಂಗಡಿಗೆ ಹೋದೆ. ಪಿಯುಸಿ ಹುಡುಗನೊಬ್ಬ ಕೂತಿದ್ದ. ಪಕ್ಕದಲ್ಲಿ, ಕೆಲವು ನಿರ್ಬಂಧಿತ ಔಷಧ ಮಾರಿದ್ದನ್ನು ಬರೆದಿಡುವ ಎಚ್1 ರಿಜಿಸ್ಟರ್ ತೆರೆದಿತ್ತು. ಸಾಲು ಸಾಲು ನನ್ನ ಸಹಿ. ನಾನು ಸಹಿಯ ಕೊನೆಗೆ ಚುಕ್ಕಿ ಇಡುತ್ತೇನೆ, ಅಲ್ಲಿ ಒಂದಕ್ಕೂ ಚುಕ್ಕಿಯಿಲ್ಲ. ಹಾಳೆ ತಿರುಗಿಸಿದೆ. ಮಾರ್ಚ್ 14ಕ್ಕೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಂ 30 ಮಾತ್ರೆ, ನನ್ನ ಸಹಿ. ಆವತ್ತು ಬೆಳಗಿನಿಂದ ನಾನು ಹೆರಿಗೆ ವಾರ್ಡಿನಲ್ಲಿದ್ದೆ. ಮಗಳು ಹುಟ್ಟಿದ ದಿನ ಅದು!

ಸರ್ಟಿಫಿಕೇಟ್ ಸದ್ದಿಲ್ಲದೆ ವಾಪಸ್ ತಂದರೆ ಮುಗಿಯುತ್ತಾ? ಫಾರ್ಮಸಿಸ್ಟರ ಪಟ್ಟಿ ಇಡುವ ರಾಜ್ಯ ಫಾರ್ಮಸಿ ಕೌನ್ಸಿಲಿನಲ್ಲಿ ಹೆಸರು ತೆಗೆದುಬಿಡುತ್ತಾರಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಳೇ ಕೌಂಟರ್:
ತಂಗೀ, ಫ್ರೇಮ್ ಇಳಿಸಿದರೆ ಗೋಡೆ ಖಾಲಿಯಾಗುತ್ತದೆ ಅಷ್ಟೇ. ಲೈಸೆನ್ಸ್ ಫೈಲಿನಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ. ಬಿಟ್ಟಿದ್ದೇನೆ ಅಂತ ಔಷಧ ನಿಯಂತ್ರಣ ಇಲಾಖೆಗೆ ಬರೆದು ಕೊಡಿ, ಸೀಲ್ ಹಾಕಿದ ಒಂದು ಪ್ರತಿ ಇಸ್ಕೊಳ್ಳಿ. ಹಿಂದಿನ ತಾರೀಖು ಹಾಕಿ ರಾಜೀನಾಮೆ ಕೊಡಮ್ಮ ಅಂತ ಓನರ್ ಕೇಳೇ ಕೇಳುತ್ತಾರೆ. ಕೊಡಬೇಡಿ. ಎಚ್1 ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಅಂತ ರೂಲೇ ಇದೆ, ಹಾಗಾಗಿ ಆ ಮಾರ್ಚ್ 14 ಎಲ್ಲೂ ಹೋಗುವುದಿಲ್ಲ.

ಕಾಫಿ ಕುಡಿದು ಬಂದೆ:
ನಾಲ್ಕು ಸಾವಿರ ಎಣಿಸುವಾಗ ಚುಕ್ಕಿ ನೆನಪಾಗಲಿಲ್ವಾ ಅಕ್ಕ?

ಚಿಕ್ಕಮಗಳೂರು ವಕೀಲ:
ಮೇಲಿನ ಮಾತು ಖಾರವಾಯಿತು, ಆದರೆ ವಿಚಾರಣೆಯಲ್ಲೂ ಕೇಳುವುದು ಅದನ್ನೇ. 1948ರ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಓದಿ ಮೇಡಂ. ವೃತ್ತಿಗೆ ಕಳಂಕ ತರುವ ನಡತೆ ಅಂತ ಕಂಡರೆ ರಾಜ್ಯ ಕೌನ್ಸಿಲಿನ ಕಾರ್ಯಕಾರಿ ಸಮಿತಿ ಹೆಸರು ತೆಗೆಯಬಹುದು. ಇಷ್ಟು ವರ್ಷ ಅಂತಲೋ, ಕಾಯಂ ಅಂತಲೋ. ಆದರೆ ನಿಮ್ಮ ಮಾತು ಕೇಳದೆ ತೆಗೆಯುವಂತಿಲ್ಲ. ಆದೇಶವನ್ನು ಕೌನ್ಸಿಲ್ ಒಪ್ಪಬೇಕು, ಒಪ್ಪಿ ಮೂರು ತಿಂಗಳಾದ ಮೇಲೇ ಅದು ಜಾರಿಗೆ ಬರುವುದು. ಒಪ್ಪಿದ್ದು ನಿಮಗೆ ತಿಳಿಸಿದ 30 ದಿನದೊಳಗೆ ಸರ್ಕಾರಕ್ಕೆ ಅಪೀಲು ಹೋಗಬಹುದು. ಹೆಸರು ಹೋದರೂ ಮತ್ತೆ ಸೇರಿಸಲು 37ನೇ ಸೆಕ್ಷನ್ ಇದೆ.

ನಿಮ್ಮದು ಎರಡು ವಿಷಯ, ಬೆರೆಸಬೇಡಿ. ಬಾಡಿಗೆಗೆ ಕೊಟ್ಟಿದ್ದು ನಿಮ್ಮ ತಪ್ಪು, ಅದನ್ನು ಒಪ್ಪಿಕೊಳ್ಳಿ. ಸಹಿ ಹಾಕಿದ್ದು ಬೇರೆಯವರು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇದೆಯಾ? ಅದನ್ನು ಜೋಪಾನ ಮಾಡಿ. ಯಾರೋ ಹೇಳಿದರು ಅಂತ ಹಳೇ ಸಾಲುಗಳಿಗೆ ಈಗ ಹೋಗಿ ಚುಕ್ಕಿ ಇಟ್ಟು ಬರಬೇಡಿ!

ಮೂಡಿಗೆರೆ ಸೊಸೆ:
ಕಾಫಿ ಅವರೇ, ನೆನಪಾಗಲಿಲ್ಲ. ನಿಜ.

ನಿನ್ನೆ ರಾತ್ರಿ ಯಜಮಾನರಿಗೆ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ, ಆಮೇಲೆ ಡಿಸ್ಚಾರ್ಜ್ ಚೀಟಿ ಹುಡುಕಿಕೊಟ್ಟರು. ಲಸಿಕೆ ಕಾರ್ಡಿನ ಒಳಗೆ ಮಡಚಿಟ್ಟಿತ್ತು. ಇವತ್ತು ಇಲಾಖೆಗೂ ಕೌನ್ಸಿಲಿಗೂ ಸ್ಪೀಡ್ ಪೋಸ್ಟ್ ಮಾಡಿ ಬಂದೆ. ಅಂಗಡಿಯವರಿಗೂ ಫೋನಿನಲ್ಲಿ ತಿಳಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. 'ಅಯ್ಯೋ ಅಷ್ಟಕ್ಕೆಲ್ಲ ಯಾಕಮ್ಮ, ಮುಂದಿನ ತಿಂಗಳಿಂದ ಆರು ಮಾಡೋಣ' ಅಂದರು.